ಅಂಗಳದ ಮೂರು ಗುಂಡಿ

ಜನವರಿ 11, ಬೆಳಿಗ್ಗೆ

ಆಪರೇಷನ್ ಆದ ಎಡ ಮಂಡಿ — ಪರವಾಗಿಲ್ಲ. ಬಲ ಮಂಡಿ — ಅದರ ಸುದ್ದಿ ಬೇಡ. ಕಾಲು ಚಾಚಿ ಹಿಡಿಯೋ ವ್ಯಾಯಾಮ ಮುಗೀತು. ಗೋಡೆ ಹಿಡಿದು ನಡೆಯೋದು ಮುಗೀತು. ದಿನಾ ನೋವು ಎಷ್ಟಿದೆ ಅಂತ ಬರೆದಿಡಿ ಅಂದಿದ್ದಳು ಫಿಸಿಯೋ ಹುಡುಗಿ. ಬರೀತಿದ್ದೀನಿ. ಆಕೆ ಒಂದು ದಿನವೂ ತೆರೆದು ನೋಡಿಲ್ಲ. ಒಳ್ಳೇದೇ ಆಯ್ತು. ಇನ್ನು ಬೇರೆ ಏನಾದರೂ ಬರೀಬಹುದು.

ಬೇರೆ ಏನಿದೆ? ಆಯಸ್ಸೆಲ್ಲ ಮಂಡಿಯೂರಿ ಊರವರ ಮನೆಗೆ ಟೈಲ್ಸ್ ಹಾಕಿದೆ. ಈಗ ಕುಕ್ಕರಗಾಲಲ್ಲಿ ಕೂರಲೇಬಾರದಂತೆ. ಬೆಳಗಿಂದ ಸಂಜೆತನಕ ಜಗಲಿ ಮೇಲೆ ಕುರ್ಚಿ. ಎದುರಿಗೆ ಅಂಗಳ. ನಾನೇ ಹಾಕಿದ ಟೈಲ್ಸ್ — ಬೂದು, ಬಿಳಿ, ಮೀನಿನ ಮುಳ್ಳಿನ ಡಿಸೈನ್. ಕೂದಲೆಳೆಯಷ್ಟು ಆಚೀಚೆ ಆಗಿಲ್ಲ. ಜನ ಗೇಟಿನ ಹತ್ತಿರ ನಿಂತು ನೋಡಿ ಹೋಗೋರು.

ಆದರೆ ಎಷ್ಟು ಅಂತ ಅದನ್ನೇ ನೋಡೋದು. ಬಿಸಿಲೇರಿದರೆ ಕಾದ ಕಾವಲಿ.

ಆಸ್ಪತ್ರೆ ಕಿಟಕಿಯಿಂದ ಒಂದು ಗಿಡ್ಡ ಮರ ಕಾಣ್ತಿತ್ತು. ಆಳೆತ್ತರಕ್ಕಿಂತ ಒಂಚೂರು ಜಾಸ್ತಿ. ಮೈತುಂಬಾ ಹೂ. ನೋವಿನ ಮಾತ್ರೆಗಿಂತ ಅದು ಜಾಸ್ತಿ ಕೆಲಸ ಮಾಡಿತು ಅನ್ನಿಸುತ್ತೆ.

ನಮ್ಮ ಅಂಗಳಕ್ಕೂ ಅಂಥ ಮರ ಮೂರು ಸಾಕು. ಗೇಟಿನ ಬಲಕ್ಕೆ ಒಂದು, ನಡುವೆ ಒಂದು, ಹೊಲಿಗೆ ಕೋಣೆ ಪಕ್ಕ ಒಂದು.

ಹೆಂಡತಿಗೆ ಹೇಳಬೇಕು. ಅದೇ ಕಷ್ಟ.

ಜನವರಿ 12

ಹೇಳಿದೆ. ಹೊಲಿಗೆ ಮೆಷಿನ್ ನಿಂತಿತು. ಅದು ನಿಂತರೆ ಭಯ ನನಗೆ.

“ಟೈಲ್ಸ್ ಒಡೀತೀರಾ?”

“ಒಡೆಯೋದಲ್ಲ. ತೆಗೆಯೋದು. ಮೂರೇ ಕಡೆ.”

“ನನ್ನ ಬಟ್ಟೆ ಎಲ್ಲಿ ಒಣಗಿಸಲಿ? ಮಣ್ಣಲ್ಲಾ?”

ಅವಳು ಶಾಲೆ ಯೂನಿಫಾರಂ ಹೊಲಿಯೋದು. ಅಂಗಡಿಯಿಂದ ತಂದ ಬಟ್ಟೆ ಸುರುಳಿ — ತಾನು — ಮೊದಲು ನೆನೆಸಿ, ಅಂಗಳದಲ್ಲಿ ಹರಡಿ ಒಣಗಿಸಿ, ಆಮೇಲೆ ಕತ್ತರಿ. ಒಗೆದ ಮೇಲೆ ಕುಗ್ಗಿತು ಅಂತ ಒಬ್ಬ ತಾಯಿಯೂ ಇವತ್ತಿನವರೆಗೆ ಬಂದು ದೂರಿಲ್ಲ. ಅದು ಅವಳ ಹೆಮ್ಮೆ. ಅವಳ ಮಾತಲ್ಲೂ ನ್ಯಾಯ ಇದೆ.

ಮಗಳು ಬಂದಳು ಸಂಜೆ. ಮೈಯೆಲ್ಲ ಸಿಮೆಂಟ್ ಧೂಳು. ನಾನು ಕೂತ ಮೇಲೆ ನನ್ನ ಗ್ಯಾಂಗ್ ನಡೆಸ್ತಿರೋದು ಅವಳೇ. ಆಳುಗಳು ನನ್ನನ್ನ ಮೇಸ್ತ್ರಿ ಅಂತಿದ್ದರು, ಅವಳನ್ನ ಸಣ್ಣ ಮೇಸ್ತ್ರಿ ಅಂತಾರೆ. ಇಬ್ಬರ ಮಾತೂ ಕೇಳಿಸಿಕೊಂಡು ಟೀ ಕುಡಿದಳು. “ಅಮ್ಮ, ಅಪ್ಪ ಹೀಗೇ ಕುರ್ಚಿಗೆ ಅಂಟಿಕೊಂಡ್ರೆ ನಿನ್ನ ತಲೆ ತಿಂತಾರೆ. ಗಿಡದ ತಲೆ ತಿನ್ನಲಿ ಬಿಡು.”

ಇವಳು ನಕ್ಕಳು. ನಗಬಾರದು ಅಂದುಕೊಂಡಿದ್ದಳು, ನಕ್ಕುಬಿಟ್ಟಳು. ಅಲ್ಲಿಗೆ ಪಾಸ್.

ಜನವರಿ 19

ಟೈಲ್ಸ್ ಏಳ್ತಿಲ್ಲ! ಉಳಿ ಹಾಕಿ, ಹಾರೆ ಹಾಕಿ... ಮಗಳು ಬೆವರು ಒರೆಸಿಕೊಂಡು ಕೇಳ್ತಾಳೆ, “ಅಪ್ಪ, ಇದನ್ನ ಯಾವ ಪುಣ್ಯಾತ್ಮ ಹಾಕಿದ್ದು?” ಸ್ಟೂಲ್ ಮೇಲೆ ಕೂತು ಮೀಸೆ ತಿರುವಿದೆ. ಮೀಸೆ ಇಲ್ಲ, ಆದರೂ ತಿರುವಿದೆ.

ಸಂಜೆ ಹೊತ್ತಿಗೆ ಮೂರು ಚೌಕ ತೆರೆದುಕೊಂಡವು. ಒಳಗೆ ಮಣ್ಣು ಅಂದುಕೊಂಡಿದ್ದೆ. ಇಟ್ಟಿಗೆ ಚೂರು, ಗಾರೆ, ತುಕ್ಕು ಹಿಡಿದ ಕಂಬಿ, ಯಾರದೋ ಒಂದು ಚಪ್ಪಲಿ. ಮನೆ ಕಟ್ಟಿದವರು ಕಸ ಎಲ್ಲ ಇಲ್ಲೇ ಮುಚ್ಚಿ ಹೋಗಿದ್ದಾರೆ. ಅದರ ಮೇಲೆ ನಾನು ಚಂದ ಮಾಡಿದ್ದೆ.

ಫೆಬ್ರವರಿ 2

ಗಿಡ ಬಂದವು. ನರ್ಸರಿಯಾಕೆ ಗಟ್ಟಿ ಹೆಂಗಸು. ಏನು ಬೇಕು ಅಂದಳು. ಸಣ್ಣ ಮರ, ದೊಡ್ಡ ಹೂ ಅಂದೆ. “ಎಲ್ಲರಿಗೂ ಅದೇ ಬೇಕು” ಅಂದಳು.

ಗೇಟಿನ ಹತ್ತಿರ ಮಂದಾರ. ನಡುವೆ ಗಿಡ್ಡ ಜಾತಿ ಹೊಳೆದಾಸವಾಳ. ಹೊಲಿಗೆ ಕೋಣೆ ಪಕ್ಕ ದೇವಕಣಗಿಲೆ — ಬಿಳಿ, ನಡುವೆ ಹಳದಿ. ಮೂರು ಕವಲು, ಒಂದು ಕವಲಿನ ಮೇಲೆ ವ್ಯಾನ್ ಬಾಗಿಲು ತಗುಲಿ ಉಗುರಷ್ಟು ಗಾಯ. ಬೈದುಕೊಂಡೆ.

ಮಗಳು ಗುಂಡಿಗೆ ಇಳಿಸಿದಳು, ನಾನು ಹೇಳ್ತಾ ಹೋದೆ. ಆಳಕ್ಕೆ ಇಡು, ಅಲ್ಲಾಡಬಾರದು. ಮಣ್ಣು ಹಾಕು. ದಮ್ಮಸ್ಸು ಮಾಡು, ಬಡಿದು ಗಟ್ಟಿ ಮಾಡು. ಇನ್ನೂ ಹೊಡಿ. ನೆಲ ಗಟ್ಟಿ ಇದ್ದರೇ ತಾನೇ ಮೇಲಿನದು ನಿಲ್ಲೋದು?

ಮೂರೂ ಲೈಟ್ ಕಂಬದ ಹಾಗೆ ನೆಟ್ಟಗೆ ನಿಂತಿವೆ. ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಪಕ್ಕದ ಮನೆ ಪೋಸ್ಟ್‌ಮಾಸ್ಟರ್ ಕಾಂಪೌಂಡ್ ಮೇಲಿಂದ ಇಣುಕಿ, “ಗಿಡಕ್ಕೂ ರಸಮಟ್ಟವೇನ್ರೀ!” ಅಂದರು. ಹೌದು ಅಂದೆ. ನನ್ನ ಮನೆ ಗಿಡ.

ಫೆಬ್ರವರಿ 19

ಸರಿಯಿಲ್ಲ. ಮಂದಾರದ ಎಲೆ ಹಳದಿ. ನರ ಮಾತ್ರ ಹಸಿರು. ಹೊಳೆದಾಸವಾಳ ಇದ್ದ ಎಲೆಯನ್ನೂ ಉದುರಿಸಿತು. ದೇವಕಣಗಿಲೆ ಒಂದೇ ಗುಂಡುಕಲ್ಲಿನ ಹಾಗಿದೆ. ಅದಕ್ಕೆ ಖುಷಿಯೋ ಬೇಜಾರೋ ಮುಖ ನೋಡಿದರೆ ಗೊತ್ತಾಗಲ್ಲ.

ಇವಳು ಉದುರಿದ ಎಲೆ ಗುಡಿಸಿ ನನ್ನ ಕುರ್ಚಿ ಪಕ್ಕ ಗುಡ್ಡೆ ಹಾಕಿ ಹೋದಳು.

ಫೆಬ್ರವರಿ 20

ನರ್ಸರಿಯಾಕೆಯನ್ನ ಕರೆಸಿದೆ. ಬಂದವಳು ಗುಂಡಿಗೆ ಕೋಲು ಚುಚ್ಚಿದಳು. ಇಳೀಲಿಲ್ಲ.

“ಇದೇನು, ಗಿಡ ನೆಟ್ಟಿದ್ದೀರೋ, ರಸ್ತೆ ಮಾಡಿದ್ದೀರೋ?”

ಮಗಳು ಒಳಗೆ ಓಡಿದಳು, ನಗೋಕೆ.

ಆಕೆ ಒಂದೊಂದೇ ಹೇಳಿದಳು. ಬೇರಿಗೆ ಗಾಳಿ ಬೇಕು, ಮಣ್ಣು ಸಡಿಲ ಇರಬೇಕು. ಕಾಂಡ ಬೇರಾಗೋ ಜಾಗ — ಸ್ವಲ್ಪ ದಪ್ಪ ಇರುತ್ತೆ, ಗಿಡದ ಕೊರಳು — ಅದು ನೆಲದ ಮೇಲೆ ಕಾಣಬೇಕು. ನಾನು ಅದನ್ನ ಗೇಣು ಆಳಕ್ಕೆ ಹೂತಿದ್ದೇನೆ. ಗಾರೆ ಸಿಮೆಂಟಿನ ಸುಣ್ಣ ಮಂದಾರಕ್ಕೆ ಕಬ್ಬಿಣದಂಶ ಸಿಗದ ಹಾಗೆ ಮಾಡಿದೆ. ಕಸ ಪೂರ್ತಿ ತೆಗೀಬೇಕು, ಅಗಲ ಜಾಸ್ತಿ ಬೇಕು, ಬೇರೆ ಮಣ್ಣು, ಗೊಬ್ಬರ.

ಅಂದರೆ ಎಲ್ಲ ಮೊದಲಿಂದ.

ನನ್ನ ಕೆಲಸದಲ್ಲಿ ಒಂದು ಟೈಲ್ ಟೊಳ್ಳು ಸದ್ದು ಕೊಟ್ಟರೂ ಕಿತ್ತು ಮತ್ತೆ ಹಾಕಿಸ್ತಿದ್ದೆ. ಆಳುಗಳು ಗೊಣಗೋರು. ಇವತ್ತು ನಾನು ಗೊಣಗಲಿಲ್ಲ.

ಮಾರ್ಚ್ 8, ಬೆಳಿಗ್ಗೆ

ಮಣ್ಣು ಬದಲಿಸಿ ಮತ್ತೆ ನೆಟ್ಟ ಹೊಳೆದಾಸವಾಳದಲ್ಲಿ ಕೆಂಪು ಚಿಗುರು!! ಅಕ್ಕಿ ಕಾಳಷ್ಟು. ಎಲ್ಲರನ್ನೂ ಕರೆದು ತೋರಿಸಿದೆ. ಪೋಸ್ಟ್‌ಮಾಸ್ಟರ್ ಕನ್ನಡಕ ಹಾಕಿಕೊಂಡರೂ ಕಾಣಲಿಲ್ಲ. ಕಂಡಿತು ಅಂದರು. ಒಳ್ಳೆಯವರು.

ಮಂದಾರದ ಹೊಸ ಎಲೆ ಹಸಿರು. ನಡುವೆ ಸೀಳಿಕೊಂಡು ಗೊರಸಿನ ಗುರುತಿನ ಹಾಗಿದೆ. ಎಷ್ಟು ಚಂದ ಮಡಚಿಕೊಂಡು ಬರುತ್ತೆ ಅದು!

ಬೆಳಿಗ್ಗೆ ಸಂಜೆ ಪೈಪ್ ಬಿಡ್ತಿದ್ದೀನಿ. ಕುಡೀಲಿ.

ಮಾರ್ಚ್ 21

ಬರೆಯೋಕೆ ಮನಸ್ಸಿಲ್ಲ.

ಮಾರ್ಚ್ 22

ನಿನ್ನೆ ಬೆಳಿಗ್ಗೆ ಇವಳು ಹೊಲಿಗೆ ಕೋಣೆ ಬಾಗಿಲು ತೆಗೆದಳು. ಗೋಡೆ ಬುಡ ಒದ್ದೆ. ನೆಲಕ್ಕೆ ತಾಗಿ ಜೋಡಿಸಿಟ್ಟಿದ್ದ ತಾನುಗಳು — ನೀಲಿ ಪೂರ್ತಿ, ಬಿಳಿ ಅರ್ಧ — ಕೆಳಗಿಂದ ನೀರು ಹೀರಿಕೊಂಡಿವೆ. ನೀಲಿ ಬಣ್ಣ ಬಿಳಿಗೆ ಹತ್ತಿದೆ. ಕತ್ತರಿಸಿಟ್ಟ ಕಾಲರ್, ತೋಳು, ಎಲ್ಲ. ಒಂದು ಶಾಲೆಯ ಅಷ್ಟೂ ಮಕ್ಕಳ ಬಟ್ಟೆ. ಶಾಲೆ ತೆರೆಯೋ ಹೊತ್ತಿಗೆ ಕೊಡಬೇಕು.

ದೇವಕಣಗಿಲೆ ಗುಂಡಿಗೆ ನಾನು ಬಿಟ್ಟ ನೀರು. ಅಡಿಯಲ್ಲಿ ಗಟ್ಟಿ ನೆಲ, ಇಳಿಯೋಕೆ ದಾರಿಯಿಲ್ಲ. ಪಕ್ಕಕ್ಕೆ ಹೋಗಿ ಗೋಡೆ ಹಿಡಿದಿದೆ.

ಕೂಗಾಡಲಿಲ್ಲ ಅವಳು. ಒದ್ದೆ ತಾನು ಎತ್ತಿ ಜಗಲಿಗೆ ತಂದು ನನ್ನ ಮುಂದೆ ಇಟ್ಟಳು. “ನಿಮ್ಮ ಮರಕ್ಕೆ ಹೊದಿಸಿ” ಅಂದಳು.

ಮುಚ್ಚಿಬಿಡ್ತೀನಿ ಅಂದೆ. ಮೂರೂ ಗುಂಡಿ. ಟೈಲ್ಸ್ ಉಳಿದಿವೆ, ಇವತ್ತೇ ಹಾಕಿಸ್ತೀನಿ.

“ನನಗೆ ಹೇಳಬೇಡಿ. ನಿಮ್ಮಿಷ್ಟ.”

ಮಾರ್ಚ್ 26

ಮಾತಿಲ್ಲ. ತಟ್ಟೆ ಇಡ್ತಾಳೆ, ಹೋಗ್ತಾಳೆ. ಅಂಗಡಿಯವನ ಕೈಕಾಲು ಹಿಡಿದು ಹೊಸ ತಾನು ತಂದಿದ್ದಾಳೆ. ಅವಳ ತಂಗಿ ಬಂದು ಸೇರಿದ್ದಾಳೆ. ಮೆಷಿನ್ ಎರಡು, ಸದ್ದು ಒಂದೇ.

ಗುಂಡಿ ಹಚ್ಚೋಕೆ ನಾನೂ ಕೈ ಜೋಡಿಸೋಣ ಅಂತ ಹೋದೆ — ಗುಂಡಿ ಅಂದರೆ ಅಂಗಿ ಗುಂಡಿ. ಸೂಜಿಗೆ ದಾರ ಪೋಣಿಸಿ ಕೂತೆ. ಅವಳ ತಂಗಿ ನನ್ನ ಕೆಲಸ ನೋಡಿ, “ಭಾವ, ಇದು ಗೋಡೆಗೆ ಮೊಳೆ ಹೊಡೆದ ಹಾಗಿದೆ” ಅಂದಳು. ಇವಳ ತುಟಿ ಸ್ವಲ್ಪ ಅಲುಗಿತು. ನಾನು ನೋಡಿದೆ.

ಮಾರ್ಚ್ 29, ಭಾನುವಾರ

ಮಗಳು ನಾಲ್ಕು ಆಳು ಕರಕೊಂಡು ಬಂದಳು. ನಾನು ಹೇಳಿಕಳಿಸಿರಲಿಲ್ಲ. ಮುಚ್ಚೋಕೆ ಬಂದಿದ್ದಾಳೆ ಅಂದುಕೊಂಡೆ. ಅಂಗಳದ ತುಂಬ ದಾರ ಕಟ್ಟಿದಳು, ಮಟ್ಟ ನೋಡಿದಳು, ಸೊಂಟಕ್ಕೆ ಕೈಯಿಟ್ಟು ನಿಂತಳು. ಥೇಟ್ ನಾನು ನಿಲ್ಲೋ ಹಾಗೆ.

“ಅಪ್ಪ, ವಾಟ ತಪ್ಪಿದೆ.”

ವಾಟ ಅಂದರೆ ನೀರು ಹರಿಯೋಕೆ ನೆಲಕ್ಕೆ ಕೊಡೋ ಇಳಿಜಾರು. ನನ್ನ ವಾಟ ತಪ್ಪಿದೆ ಅಂತ ಇದುವರೆಗೆ ಹೇಳಿದವರು ಹುಟ್ಟಿಲ್ಲ. ಸಿಟ್ಟು ಬಂತು. ಆಮೇಲೆ ನೋಡಿದೆ. ಆಗ ಅದು ಸರಿಯಿತ್ತು — ಮಳೆನೀರೆಲ್ಲ ಗೋಡೆ ಪಕ್ಕದ ಚರಂಡಿಗೆ, ಅಲ್ಲಿಂದ ಹೊರಗೆ. ಈಗ ಅದೇ ವಾಟ ಗುಂಡಿ ನೀರನ್ನೂ ಮನೆ ಕಡೆಗೇ ಎಳೀತಿದೆ.

“ತಿರುಗಿಸೋಣ. ಗೋಡೆಯಿಂದ ಆಚೆಗೆ ಕೊಡ್ತೀನಿ. ಮಳೆ ನೀರು ಮೊದಲು ಗಿಡಕ್ಕೆ ಹೋಗಲಿ, ಹೆಚ್ಚಾದದ್ದು ಗೇಟಿನ ಹತ್ತಿರ ಹೊರಗೆ ಹೋಗಲಿ. ಗುಂಡಿ ಅಡಿಗೆ ತೂತು ಕೊರೆದು ಜಲ್ಲಿ ತುಂಬಿಸ್ತೀನಿ.”

“ಅಂಗಳ ಪೂರ್ತಿ ಕೀಳಬೇಕಾಗುತ್ತೆ.”

“ಕೀಳೋಣ.”

ಇವಳು ಬಾಗಿಲಲ್ಲಿ ನಿಂತು ಕೇಳ್ತಿದ್ದಳು. ನಾನು ಅವಳ ಮುಖ ನೋಡಿದೆ. ಅವಳು ಮಗಳನ್ನ ನೋಡಿದಳು. “ಗೋಡೆ ಒದ್ದೆ ಆಗಲ್ಲ ಅಂತ ನೀನು ಮಾತು ಕೊಡ್ತೀಯೇನೆ?”

“ಕೊಡ್ತೀನಿ.”

“ಹಾಗಾದ್ರೆ ಮಾಡು. ನಿಮ್ಮಪ್ಪನ ಮಾತು ಬೇಡ ನನಗೆ.”

ಅದು ನನಗೆ ಚುಚ್ಚಬೇಕಿತ್ತು. ಚುಚ್ಚಲಿಲ್ಲ. ಎದೆ ಉಬ್ಬಿತು.

ಏಪ್ರಿಲ್ 9

ಮುಗೀತು. ಮೀನಿನ ಮುಳ್ಳು ಮತ್ತೆ ಕೂತಿದೆ. ಆದರೆ ಗುಂಡಿ ಈಗ ಚೌಕ ಅಲ್ಲ, ದುಂಡು. ದುಂಡು ಕತ್ತರಿಸೋದು ಸುಲಭ ಅಲ್ಲ. ಒಂದೊಂದು ಟೈಲಿಗೂ ಬೇರೆ ಬೇರೆ ಬಾಗು, ಕಟರ್ ಒಂಚೂರು ಜಾರಿದರೆ ಮೂಲೆ ಹಾರಿ ಹೋಗುತ್ತೆ. ನಾನಾಗಿದ್ದರೆ ಚೌಕಕ್ಕೇ ಬಿಟ್ಟುಬಿಡ್ತಿದ್ದೆ. ಮಗಳು ಉಸಿರು ಹಿಡಿದು ಕತ್ತರಿಸಿದಳು. ಜೋಡಿಸಿದ ಮೇಲೆ ಸ್ಟೂಲಿನಿಂದ ಬಗ್ಗಿ ಬೆರಳು ಓಡಿಸಿದೆ. ಎಲ್ಲೂ ತಡೀಲಿಲ್ಲ.

ಹೇಗಿದೆ ಅಂದಳು. ಪರವಾಗಿಲ್ಲ ಅಂದೆ. ನಮ್ಮ ಕಸುಬಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ, ಅವಳಿಗೆ ಗೊತ್ತು.

ಇವಳು ಬಕೆಟ್ ತಂದು ಅಂಗಳಕ್ಕೆ ಸುರಿದಳು. ಪರೀಕ್ಷೆ. ನೀರು ಒಂದು ಕ್ಷಣ ಯೋಚಿಸಿತು, ಆಮೇಲೆ ಗೋಡೆಗೆ ಬೆನ್ನು ಹಾಕಿ ಗಿಡದ ಕಡೆ ಹೊರಟಿತು. ಇವಳು ಬಕೆಟ್ ಎತ್ತಿಕೊಂಡು ಒಳಗೆ ಹೋದಳು. “ಊಟಕ್ಕೆ ಬನ್ನಿ” ಅಂದಳು. ಬಾಯಿ ಬಿಟ್ಟು.

ಏಪ್ರಿಲ್ 12

ನಾಳೆ ಬಲ ಮಂಡಿ ಆಪರೇಷನ್. ವಾರದಲ್ಲಿ ವಾಪಸ್. ನೀರು ಹಾಕೋದು ಹೇಗೆ ಅಂತ ಇವಳಿಗೆ ಹೇಳಿದೆ — ಬೆರಳು ಮಣ್ಣಿಗೆ ಚುಚ್ಚು, ಒಣಗಿದ್ದರೆ ಮಾತ್ರ...

“ಗೊತ್ತು ರೀ. ಈ ಮನೇಲಿ ಯಾರು ನೀರು ಜಾಸ್ತಿ ಹಾಕಿದ್ದು?”

ಮೇ 6

ವಾಪಸ್. ವಾರ ಅಂದಿದ್ದು ಎಷ್ಟೋ ಆಯ್ತು. ಹೊಲಿಗೆ ಹಾಕಿದ ಜಾಗ ಕೀವಾಯ್ತು, ಜ್ವರ, ಮತ್ತೆ ಬಿಚ್ಚಿ ತೊಳೆದರು. ಕಾಲು ಉಳಿಯುತ್ತೋ ಇಲ್ಲವೋ ಅಂತ ಒಂದೆರಡು ದಿನ ಡಾಕ್ಟರುಗಳು ಹೊರಗೆ ನಿಂತು ಮೆಲ್ಲಗೆ ಮಾತಾಡ್ತಿದ್ದರು. ಉಳೀತು. ಅದರ ಬಗ್ಗೆ ಬರೆಯಲ್ಲ.

ವ್ಯಾನ್‌ನಿಂದ ಇಳಿದೆ. ಗೇಟು ತೆಗೆದಳು ಮಗಳು.

ಮಂದಾರ ನನ್ನ ಹೆಗಲಿಗೆ ಬಂದಿದೆ! ಪಕ್ಕದಲ್ಲಿ ಎರಡು ಕೋಲು, ಕೋಲಿಗೂ ಕಾಂಡಕ್ಕೂ ಬಟ್ಟೆ ಅಂಚಿನ ಪಟ್ಟಿ — ನೀಲಿ, ಆ ಹಾಳಾದ ತಾನಿನದು — ಬಿಗಿಯಲ್ಲದ ಹಾಗೆ, ಎಂಟರ ಅಂಕಿಯಂತೆ ಸುತ್ತು. ಗಾಳಿಗೆ ಗಿಡ ಅಲ್ಲಾಡುತ್ತೆ, ಉಜ್ಜಿಕೊಳ್ಳಲ್ಲ. ಹೊಳೆದಾಸವಾಳಕ್ಕೆ ಬಿಸಿಲು ಹೊತ್ತಿಗೆ ಒಂದು ಚಪ್ಪರ, ಅದೂ ಆ ಬಿಳಿ ಬಟ್ಟೆ, ನಾಲ್ಕು ಮೂಲೆಗೂ ಹೊಲಿಗೆ ಹಾಕಿ ದಾರ ಕಟ್ಟಿದ್ದಾಳೆ ಇವಳು. ಮಡಚಿ ಹೊಲಿದಿದ್ದಾಳೆ! ಗಿಡದ ಚಪ್ಪರಕ್ಕೆ!

“ಯಾರು ಮಾಡಿದ್ದು?” ಅಂದೆ.

“ಯಾರೋ ಪುಣ್ಯಾತ್ಮರು” ಅಂದಳು ಇವಳು. ಒಳಗೆ ಹೋಗಿಬಿಟ್ಟಳು.

ಮೇ 7

ಬೆಳಿಗ್ಗೆ ವಾಕರ್ ಹಿಡಿದು ಹೊಲಿಗೆ ಕೋಣೆ ಪಕ್ಕಕ್ಕೆ ಹೋದೆ. ದೇವಕಣಗಿಲೆ ಚೆನ್ನಾಗಿದೆ. ದಪ್ಪ ಎಲೆ, ಹೊಳಪು.

ನನ್ನದಲ್ಲ.

ನನ್ನದಕ್ಕೆ ಮೂರು ಕವಲು. ಇದಕ್ಕೆ ಎರಡು. ಆ ಉಗುರಷ್ಟು ಗಾಯ ಇಲ್ಲ. ಎತ್ತರ ಮಾತ್ರ ಅಳೆದು ತಂದ ಹಾಗೆ ಅಷ್ಟೇ ಇದೆ. ಅವಳು ಅಳತೆಯವಳಲ್ಲವಾ.

ಕಿಟಕಿಯಲ್ಲಿ ಮೆಷಿನ್ ನಿಂತಿತು. ಇಣುಕ್ತಿದ್ದಾಳೆ.

“ಚೆನ್ನಾಗಿ ಬಂದಿದೆ” ಅಂದೆ, ಗಟ್ಟಿಯಾಗಿ. ಮೆಷಿನ್ ಮತ್ತೆ ಶುರುವಾಯ್ತು.

ಬಗ್ಗೋಕೆ ಆಗಲ್ಲ, ಕೋಲಿನಿಂದ ಬುಡದ ಒಣಎಲೆ ಸರಿಸಿ ನೋಡಿದೆ. ಕೊರಳು ನೆಲದ ಮೇಲೆ. ಮಣ್ಣು ಸಡಿಲ. ನೀರು ನಿಲ್ಲದ ಹಾಗೆ ಬುಡ ಸ್ವಲ್ಪ ಎತ್ತರ. ನಾನು ನೆಟ್ಟಿದ್ದಕ್ಕಿಂತ ಚೆನ್ನಾಗಿ ನೆಟ್ಟಿದ್ದಾಳೆ.

ಮಗಳನ್ನ ಮೆಲ್ಲಗೆ ಕೇಳಿದೆ. “ಅಪ್ಪ, ನಾನೇನೂ ನೋಡಿಲ್ಲ, ಏನೂ ಹೇಳಲ್ಲ” ಅಂದಳು. ನಾನೂ ಹೇಳಲ್ಲ.

ಜೂನ್ 14

ಹೊಳೆದಾಸವಾಳ ಹೂ ಬಿಟ್ಟಿತು. ತುದಿಯಲ್ಲಿ ಗೊಂಚಲು. ಗುಲಾಬಿ ಬಣ್ಣ. ಒಂದೊಂದು ಪಕಳೆಗೂ ನೆರಿಗೆ. ಇವಳು ಕನ್ನಡಕ ಹಾಕಿಕೊಂಡು ನೋಡಿ, “ಇಷ್ಟು ಸಣ್ಣ ನೆರಿಗೆ ಯಾವ ಮೆಷಿನ್ನಲ್ಲೂ ಬರಲ್ಲ” ಅಂದಳು.

ಮಂದಾರಕ್ಕೆ ಈ ವರ್ಷ ಹೂ ಇಲ್ಲ. ಎಲೆ ಸಾಕು. ಅವಸರ ಇಲ್ಲ ನನಗೆ.

ವಾಕರ್ ಬಿಟ್ಟೆ. ಈಗ ಬರೀ ಕೋಲು.

ಗೇಟಿನ ಹತ್ತಿರ ಜನ ನಿಲ್ತಿದ್ದಾರೆ ಮತ್ತೆ. ಮೊದಲು ಕೆಳಗೆ ನೋಡೋರು. ಈಗ ಮೇಲೆ ನೋಡಿ, ಆಮೇಲೆ ಕೆಳಗೆ ನೋಡ್ತಾರೆ. ಇವಳು ಯಾರಿಗೋ “ನಮ್ಮ ಮರಗಳು” ಅಂತಿದ್ದದ್ದು ಕೇಳಿಸಿತು.

ಜುಲೈ 18

ಪೋಸ್ಟ್‌ಮಾಸ್ಟರ್‌ಗೆ ಎಷ್ಟೋ ಸಲ ಹೇಳಿದ್ದೆ, ದೇವಕಣಗಿಲೆ ಬಿಳಿ, ನಡುವೆ ಹಳದಿ, ನೋಡ್ತಾ ಇರಿ ಅಂತ. ಇವತ್ತು ಅವರೇ ಕೂಗಿದರು. ಹೋದೆ.

ಕೆಂಪು. ಕಡು ಕೆಂಪು.

ಹಿಂದೆ ತಿರುಗಿದರೆ ಇವಳು. ಟೇಪು ಕೊರಳಲ್ಲಿ. ಮುಖ ಬಿಳಿಚಿಕೊಂಡಿದೆ. ಪೋಸ್ಟ್‌ಮಾಸ್ಟರ್ ಅವಳನ್ನ ನೋಡಿ, ನನ್ನನ್ನ ನೋಡಿ, ಒಳಗೆ ಯಾರೋ ಕರೆದ ಹಾಗೆ ಹೊರಟುಹೋದರು.

“ನೋಡಿದೆಯಾ,” ಅಂದೆ, “ನರ್ಸರಿಯಾಕೆ ಮೋಸ ಮಾಡಿದ್ಲು. ಬಿಳಿ ಅಂತ ಹೇಳಿ ಕೆಂಪು ಕೊಟ್ಟಿದ್ದಾಳೆ.”

ತಪ್ಪಿಸಿಕೊಳ್ಳೋಕೆ ದಾರಿ ಕೊಟ್ಟೆ. ಹಿಡಿಯಲಿಲ್ಲ.

“ಆಕೆ ಮೋಸ ಮಾಡಿಲ್ಲ ರೀ. ನಿಮ್ಮದು ಕೊಳೆತುಹೋಯ್ತು. ಆಗಲೇ ನೀರು ನಿಂತಿತ್ತಲ್ಲ, ಬೇರು ಹೋಗಿತ್ತು. ಬುಡ ಮುಟ್ಟಿದೆ, ಮೆತ್ತಗೆ ಕೈಗೆ ಬಂತು.”

“ಯಾವಾಗ?”

“ನಿಮಗೆ ಜ್ವರ ಏರಿದ ದಿನ.”

ಟೇಪಿನ ತುದಿ ಬೆರಳಿಗೆ ಸುತ್ತಿಕೊಂಡಳು.

“ಮಂಚದ ಹತ್ತಿರ ಬಂದು ಕೂತರೆ ನೀವು ಕಣ್ಣು ಬಿಟ್ಟು ಗಿಡ ಹೇಗಿದೆ ಅಂದ್ರಿ. ಚೆನ್ನಾಗಿದೆ ಅಂದೆ. ಅಂದ ಮೇಲೆ ಇರಬೇಕಲ್ಲ? ಮಾರನೇ ದಿನ ನರ್ಸರಿಗೆ ಹೋದೆ. ಬಿಳಿ ಇರಲಿಲ್ಲ. ಬಿಳಿ ಬೇಡ, ಬದುಕೋದು ಕೊಡಿ ಅಂದೆ.”

ಬಸ್ಸಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದಳಂತೆ. ಕಂಡಕ್ಟರ್ ಹತ್ತಿಸಲ್ಲ ಅಂದನಂತೆ. ಇದು ನಮ್ಮ ಮನೆಯವರದು ಅಂದಳಂತೆ. ಅವನಿಗೆ ಏನು ಅರ್ಥ ಆಯ್ತೋ, ಸೀಟು ಕೊಟ್ಟನಂತೆ. ಮಗಳನ್ನೂ ಸೇರಿಸಿಕೊಳ್ಳದೆ ತಾನೇ ಅಗೆದು ನೆಟ್ಟಳಂತೆ.

“ನನಗೆ ಗೊತ್ತಿತ್ತು” ಅಂದೆ.

“ಯಾವಾಗಿಂದ?”

“ಬಂದ ಮಾರನೇ ದಿನದಿಂದ.”

ಕೊರಳ ಟೇಪು ತೆಗೆದು ನನ್ನ ಬೆನ್ನಿಗೆ ಒಂದು ಬಾರಿಸಿದಳು. “ಎರಡು ತಿಂಗಳು ನನ್ನ ಜೀವ ಬಾಯಿಗೆ ಬಂದಿತ್ತಲ್ರೀ!” ಇನ್ನೊಂದು. ಆಮೇಲೆ ನಕ್ಕು ನಕ್ಕು ಟೈಲ್ಸ್ ಮೇಲೇ ಕೂತುಬಿಟ್ಟಳು. ಕಣ್ಣಲ್ಲಿ ನೀರು. ನನಗೆ ಕೆಳಗೆ ಕೂರೋಕೆ ಬರಲ್ಲ. ಕೋಲು ಊರಿ ಪಕ್ಕದಲ್ಲಿ ನಿಂತೆ.

ಹೂ ಮುಟ್ಟಲಿಲ್ಲ ಇಬ್ಬರೂ. ಅದರ ಪಾಡಿಗೆ ಇತ್ತು.

ಇಂಥ ಹೆಂಡತಿ ಯಾರಿಗಿದ್ದಾಳೆ? ಬರೆದಿಡ್ತೀನಿ. ಎದುರಿಗೆ ಹೇಳಿದರೆ ಮತ್ತೆ ಟೇಪು ಬೀಳುತ್ತೆ.

ಆಗಸ್ಟ್ 5

ಮಗಳಿಗೆ ಒಂದು ಮನೆ ಕೆಲಸ ಸಿಕ್ಕಿದೆ. ಹೊಸ ಮನೆ, ದೊಡ್ಡ ಅಂಗಳ. ಮನೆಯೊಡತಿ ನಮ್ಮ ಗೇಟಿನ ಹತ್ತಿರ ನಿಂತು ನೋಡಿ ಹೋದವರಲ್ಲಿ ಒಬ್ಬಳು. ಅವರಿಗೂ ಗಿಡ್ಡ ಮರ ಬೇಕಂತೆ, ಸುತ್ತ ದುಂಡಗೆ ಟೈಲ್ಸ್ ಬೇಕಂತೆ.

“ಟೈಲ್ಸ್ ನನ್ನ ಜವಾಬ್ದಾರಿ,” ಅಂದಿದ್ದಾಳೆ ಮಗಳು ಅವರಿಗೆ, “ಗುಂಡಿ ಎಲ್ಲಿ, ಎಷ್ಟು ಆಳ, ಯಾವ ಮಣ್ಣು — ಅದಕ್ಕೆ ನಮ್ಮ ದೊಡ್ಡ ಮೇಸ್ತ್ರಿ ಬರ್ತಾರೆ.”

“ಯಾರದು?” ಅಂದೆ.

“ನಿನ್ನ ಬಿಟ್ರೆ ಯಾರಪ್ಪ!”

ಬಗ್ಗೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ ಅಂದೆ. ಕುರ್ಚಿ ತಗೊಂಡು ಹೋಗ್ತೀವಿ, ಕೂತು ಬೈ ಅಂದಳು. ಬೈಯೋದು ನನಗೆ ಬರುತ್ತೆ.

ರಾತ್ರಿ ಊಟ ಸೇರಲಿಲ್ಲ. ಮೊದಲ ದಿನ ಕೆಲಸಕ್ಕೆ ಹೋಗೋ ಹುಡುಗನ ಹಾಗೆ.

ಆಗಸ್ಟ್ 6, ಬೆಳಿಗ್ಗೆ

ಎದ್ದು ಎಲ್ಲ ಮುಗಿಸಿ ಕಾಯ್ತಾ ಕೂತಿದ್ದೀನಿ. ಶರ್ಟು ಇಸ್ತ್ರಿ. ಇವಳೂ ಹೊರಗೆ ಹೋಗೋ ಸೀರೆ ಉಟ್ಟು ಬಂದಳು. ನೀನೆಲ್ಲಿಗೆ ಅಂದೆ.

“ನೀವು ನೆಟ್ಟಿದ್ದರಲ್ಲಿ ಒಂದು ಹೋಯ್ತು. ನಾನು ನೆಟ್ಟಿದ್ದು ಒಂದೇ, ಅದು ಹೂ ಬಿಟ್ಟಿದೆ. ಯಾರು ಹೋಗಬೇಕು ಹೇಳಿ?”

ಕೋಲು ಸರಿಸಿ ಅವಳಿಗೆ ದಾರಿ ಬಿಟ್ಟೆ.

ವ್ಯಾನ್ ಬಂತು. ಹಾರ್ನ್. ಇವಳು ಆಗಲೇ ಮುಂದಿನ ಸೀಟಲ್ಲಿ. ನನಗೆ ಹಿಂದೆ, ಸಿಮೆಂಟ್ ಚೀಲದ ಜೊತೆ. ಇರಲಿ. ಮೊದಲು ಆ ಅಂಗಳದ ನೀರು ಯಾವ ಕಡೆ ಹೋಗುತ್ತೆ ನೋಡಬೇಕು. ಮಣ್ಣಲ್ಲಿ ಏನೇನು ಹೂತಿದ್ದಾರೋ ನೋಡಬೇಕು. ಆಮೇಲೆ —

ಬಂದೆ, ಬಂದೆ ಅಂದ್ನಲ್ಲ